ಮನೆ ಲೈನು

ಅವನಿಗೆ ‘ಐವತ್ತು’ ಎಂದು ಹೆಸರು ಬಿದ್ದಾಗ ಅವನ ವಯಸ್ಸು ಅದರ ಅರ್ಧವೂ ಆಗಿರಲಿಲ್ಲ. ಯಾವ ಸಬ್‌ಸ್ಟೇಷನ್‌ಗೆ ಹೋದರೂ ಒಳಗಿದ್ದವರನ್ನು ಮಾತಾಡಿಸುವ ಮೊದಲು ಗೋಡೆಯ ಮೇಲಿನ ಮೀಟರಿನ ಕಡೆ ಕತ್ತೆತ್ತುತ್ತಿದ್ದ. ಮುಳ್ಳು ಸರಿಯಾಗಿ ಐವತ್ತರ ಮೇಲಿದ್ದರೆ ಮುಖ ಅರಳುತ್ತಿತ್ತು, ಒಂಚೂರು ಕೆಳಗಿದ್ದರೆ ಕೊಟ್ಟ ಟೀ ಕೂಡ ಕಹಿ. ‘ಬಂದ ನೋಡ್ರಪ್ಪ ಐವತ್ತು’ ಎಂದು ಯಾರೋ ತಮಾಷೆಗೆ ಅಂದದ್ದು ಅಂಟಿಕೊಂಡಿತು. ಕಾಲ ಕಳೆದಂತೆ ವಯಸ್ಸೂ ಬಂದು ಹೆಸರಿನ ಜೊತೆ ಕೂಡಿಕೊಂಡಿತು, ಸಂಬಳದ ಚೀಟಿಯಲ್ಲಿದ್ದ ಹೆಸರನ್ನು ಯಾರಾದರೂ ಕೂಗಿದರೆ ಬೇರೆ ಯಾರನ್ನೋ ಕರೆದರೆಂದು ಅವನೇ ಹಿಂದೆ ತಿರುಗಿ ನೋಡುವಂತಾಯಿತು.

ಆ ಐವತ್ತು ಅಂದರೇನು ಎಂದು ಒಮ್ಮೆ ಅಕ್ಕನಿಗೆ ಬಿಡಿಸಿ ಹೇಳಿದ್ದ. ಕರೆಂಟು ಹುಟ್ಟಿಸುವ ಯಂತ್ರಗಳು ನೂರಾರು ಮೈಲಿ ದೂರದಲ್ಲಿ ಒಂದೊಂದು ಕಡೆ ಇದ್ದರೂ, ಒಂದೇ ತಂತಿಜಾಲಕ್ಕೆ ಸೇರಿಕೊಂಡ ಮೇಲೆ ಎಲ್ಲವೂ ಒಂದೇ ಲಯಕ್ಕೆ ತಿರುಗುತ್ತವೆ. ಸೆಕೆಂಡಿಗೆ ಐವತ್ತು ಸಲ ಮಿಡಿಯುವ ಲಯ ಅದು. ಮುಂದೆ ನಿಂತು ತಾಳ ಹಾಕುವವರು ಯಾರೂ ಇಲ್ಲ. ಹಿಂದೆ ಬಿದ್ದದ್ದನ್ನು ಉಳಿದವು ಎಳೆದುಕೊಳ್ಳುತ್ತವೆ, ಮುಂದೆ ಓಡಿದ್ದನ್ನು ತಡೆಯುತ್ತವೆ, ಅಷ್ಟೇ. ಬಳಸುವ ಜನ ಮಿತಿಮೀರಿದರೆ ಎಲ್ಲವೂ ಒಟ್ಟಿಗೆ ಏದುಸಿರು ಬಿಡುತ್ತಾ ನಿಧಾನವಾಗುತ್ತವೆ. ತೀರಾ ನಿಧಾನವಾದರೆ ಯಂತ್ರವೇ ಹಾಳಾಗುವುದರಿಂದ, ಒಂದು ಹಂತದ ಕೆಳಗೆ ಪ್ರತಿಯೊಂದೂ ತನ್ನ ಜೀವ ಉಳಿಸಿಕೊಳ್ಳಲು ಜಾಲದಿಂದ ಕಳಚಿಕೊಳ್ಳುತ್ತದೆ. ಆಗ ಅದರ ಹೊರೆ ಉಳಿದವುಗಳ ಮೇಲೆ ಬೀಳುತ್ತದೆ, ಅವೂ ಕಳಚಿಕೊಳ್ಳುತ್ತವೆ.

‘ಎಲ್ಲರೂ ಸೇರಿ ತೊಲೆ ಹೊತ್ಕೊಂಡು ಹೋಗೋವಾಗ ಒಬ್ಬ ಜಾರ್ಕೊಂಡ ಹಾಗೆ’ ಎಂದಳು ಅಕ್ಕ.

‘ಥೇಟ್ ಹಾಗೇ.’

‘ಜಾರ್ಕೊಂಡವನನ್ನ ಏನಂತ ಬಯ್ಯೋದು ಪುಟ್ಟ. ಅವನ ಹೆಗಲೂ ನೋಯುತ್ತಲ್ಲ’ ಎಂದು ಅವಳು ಅವನ ಪರವಾಗಿಯೇ ಮಾತಾಡಿದಳು. ಅಕ್ಕ ಯಾವಾಗಲೂ ಹಾಗೆಯೇ, ಎಲ್ಲಿ ಯಾರ ಹೆಗಲು ನೋಯುತ್ತದೆ ಎಂಬುದು ಅವಳಿಗೆ ಮೊದಲು ಕಾಣುತ್ತಿತ್ತು.

ಯಂತ್ರಗಳು ಕಳಚಿಕೊಳ್ಳುವ ಮೊದಲೇ ಹೊರೆ ಇಳಿಸಬೇಕಲ್ಲ, ಅದಕ್ಕೆ ಇರುವುದು ರಿಲೇ. ಸಕ್ಕರೆ ಡಬ್ಬಿಯಷ್ಟು ಗಾತ್ರದ ಪೆಟ್ಟಿಗೆ ಅದು. ಒಂದೊಂದು ಸ್ಟೇಷನ್‌ನಲ್ಲಿ ಒಂದೊಂದು ಲೈನಿಗೂ ಒಂದೊಂದು. ಲಯ ಇಳಿದದ್ದು ತಿಳಿದ ಕೂಡಲೇ ಅದು ಯಾರನ್ನೂ ಕೇಳದೆ ತನ್ನ ಲೈನನ್ನು ಕಡಿದು ಹಾಕುತ್ತದೆ. ಕೆಲವು ಬೀದಿಗಳು ಅರ್ಧ ಗಂಟೆ ಕತ್ತಲಾಗುತ್ತವೆ, ಬಯ್ದುಕೊಳ್ಳುತ್ತವೆ, ಉಳಿದ ಜಾಲ ಬದುಕಿಕೊಳ್ಳುತ್ತದೆ. ಆ ರಿಲೇಗಳು ಸರಿಯಾಗಿ ಕೆಲಸ ಮಾಡುತ್ತವೆಯೇ ಎಂದು ಸ್ಟೇಷನ್‌ನಿಂದ ಸ್ಟೇಷನ್‌ಗೆ ಸುತ್ತಿ ಪರೀಕ್ಷೆ ಮಾಡುವುದು ಐವತ್ತುವಿನ ಕೆಲಸ.

ಈ ಕಸುಬಿನವರಲ್ಲಿ ಒಂದು ರೂಢಿ ಇತ್ತು. ಪ್ಯಾನಲಿನಲ್ಲಿ ಪ್ರತಿ ರಿಲೇಯ ಕೆಳಗೆ ಹೆಬ್ಬೆರಳಿನುದ್ದದ ಒಂದು ಲೋಹದ ಪಟ್ಟಿ ಇರುತ್ತದೆ, ಅದಕ್ಕೆ ಲಿಂಕ್ ಎನ್ನುತ್ತಾರೆ. ಅದನ್ನು ಬಿಚ್ಚಿಟ್ಟರೆ ರಿಲೇ ‘ಟಕ್’ ಎಂದು ಸದ್ದು ಮಾಡುತ್ತದೆಯೇ ಹೊರತು ಲೈನು ಕಡಿಯುವುದಿಲ್ಲ. ಒಂದೊಂದು ಸ್ಟೇಷನ್‌ನಲ್ಲೂ ಒಂದು ಲಿಂಕು ಹೀಗೆ ಬಿಚ್ಚಿರುತ್ತಿತ್ತು. ಅದು ಅಲ್ಲಿಯ ಆಪರೇಟರ್ ವಾಸವಿದ್ದ ಬೀದಿಯದ್ದೋ, ಅವನ ಮಗಳನ್ನು ಕೊಟ್ಟ ಮನೆಯದ್ದೋ ಆಗಿರುತ್ತಿತ್ತು. ಅದಕ್ಕೆ ‘ಮನೆ ಲೈನು’ ಎನ್ನುತ್ತಿದ್ದರು. ಯಾರೂ ಕಲಿಸಿದ್ದಲ್ಲ, ಯಾರೂ ಹೇಳಿ ಮಾಡಿಸಿದ್ದಲ್ಲ. ಇಡೀ ದಿನ ಊರಿಗೆ ಬೆಳಕು ಕೊಡುವವನ ಮನೆಯಲ್ಲಿ ಮಕ್ಕಳು ಬೆವರಿನಲ್ಲಿ ತೊಯ್ದು ಅಳಬೇಕೇ ಎಂಬುದು ಅವರ ಮಾತು. ಪರೀಕ್ಷೆಗೆ ಬಂದವನು ಅದನ್ನು ನೋಡಿಯೂ ನೋಡದ ಹಾಗೆ ಮುಂದಿನದಕ್ಕೆ ಹೋಗುತ್ತಿದ್ದ. ಒಂದು ಲೈನು ತಾನೇ, ಸಮುದ್ರದಲ್ಲಿ ಒಂದು ಚೊಂಬು ನೀರು. ಸಿಟ್ಟು ಬರುವುದು ಇಲ್ಲಿಯೇ. ಬೆಳಗಿನಿಂದ ಸಂಜೆಯವರೆಗೆ ಅಳತೆ ಮಾಡಿಯೇ ಹೊಟ್ಟೆ ಹೊರೆಯುವ ಈ ಜನ, ಇರುವ ಸ್ಟೇಷನ್‌ಗಳಷ್ಟೂ ಚೊಂಬುಗಳನ್ನು ಒಂದೇ ಒಂದು ಸಲ ಕೂಡಿ ನೋಡಲಿಲ್ಲ.

ಐವತ್ತು ತನಗಾಗಿ ಮನೆ ಲೈನು ಇಟ್ಟುಕೊಂಡಿರಲಿಲ್ಲ. ಅದೊಂದು ಹೆಮ್ಮೆ ಅವನಿಗೆ. ಬೇರೆಯವರದ್ದಕ್ಕೆ ಕಣ್ಣು ಮುಚ್ಚಿಕೊಂಡರೂ ತನ್ನ ಕೈ ತೊಳೆದುಕೊಂಡಂತಿದೆ ಎಂದುಕೊಂಡಿದ್ದ. ಆ ಹೆಮ್ಮೆ ಇಳಿದದ್ದು ಅಕ್ಕನ ಕಾಯಿಲೆಯಿಂದ.

ಅಕ್ಕ ಅವನಿಗೆ ತಾಯಿಯೂ ಹೌದು. ಅಮ್ಮ ತೀರಿಕೊಂಡಾಗ ಅವನಿಗೆ ಹಲ್ಲು ಕೂಡ ಪೂರ್ತಿ ಬಂದಿರಲಿಲ್ಲ, ಅವಳು ಶಾಲೆ ಬಿಟ್ಟು ಹಾಸಿಗೆ ಅಂಗಡಿಗೆ ಹತ್ತಿ ಹಿಂಜಲು ಹೋದಳು. ಕಿಟಕಿಯಿಲ್ಲದ ಕೋಣೆ. ಸಂಜೆ ಮನೆಗೆ ಬರುವಾಗ ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆಗಳೆಲ್ಲ ಬೆಳ್ಳಗೆ. ‘ಅಜ್ಜಿ ಬಂದ್ಲು’ ಎಂದು ಪುಟ್ಟ ನಗುತ್ತಿದ್ದ, ಅವಳೂ ಬೆನ್ನು ಬಗ್ಗಿಸಿ ಅಜ್ಜಿಯ ಹಾಗೆ ನಡೆದು ತೋರಿಸುತ್ತಿದ್ದಳು. ಹೊಟ್ಟೆ ಬಟ್ಟೆ ಕಟ್ಟಿ ಅವನನ್ನು ಕಸುಬಿನ ಶಾಲೆಗೆ ಸೇರಿಸಿದಳು. ಅಂಗಡಿಗೆ ಹೊದಿಕೆ ಹೊಲಿದು ಕೊಡುತ್ತಿದ್ದ ದರ್ಜಿಯನ್ನು ಮದುವೆಯಾದಾಗಲೂ, ‘ತಮ್ಮನೂ ನನ್ನ ಜೊತೆ ಬರ್ತಾನೆ’ ಎಂದು ಮೊದಲೇ ಹೇಳಿದ್ದಳಂತೆ. ಭಾವ ಒಳ್ಳೆಯವರು, ಮಾತು ಕಡಿಮೆ. ಅವರಿಗೆ ಮಕ್ಕಳಾಗಲಿಲ್ಲ, ಇವನು ಮದುವೆಯಾಗಲಿಲ್ಲ. ಮೂವರೂ ಒಂದೇ ಮನೆಯಲ್ಲಿ ಮುದುಕರಾಗುತ್ತಾ ಬಂದರು.

ಹತ್ತಿಯ ಧೂಳು ಮಾತ್ರ ಅವಳ ಎದೆಯಿಂದ ಹೊರಗೆ ಹೋಗಲಿಲ್ಲ. ಕೊನೆಗೆ ಮೂಗಿಗೆ ನಳಿಗೆ ಬಂತು, ಮಂಚದ ಪಕ್ಕ ಆಮ್ಲಜನಕದ ಮಷಿನ್ ಬಂತು. ಅದು ಕರೆಂಟಿನಿಂದ ನಡೆಯುವಂಥದ್ದು. ಕರೆಂಟು ಹೋದಾಗ ಬೇಕಾದೀತೆಂದು ಮೂಲೆಯಲ್ಲಿ ಒಂದು ಸಿಲಿಂಡರ್ ಇಟ್ಟಿದ್ದರು. ಅಕ್ಕನಿಗೆ ಆ ಸಿಲಿಂಡರ್ ಕಂಡರೆ ಆಗುತ್ತಿರಲಿಲ್ಲ, ‘ಯಾರೋ ನಿಂತ್ಕೊಂಡು ಕಾಯ್ತಿರೋ ಹಾಗಿದೆ’ ಎನ್ನುತ್ತಿದ್ದಳು. ಅದೂ ಅಲ್ಲದೆ ಭಾವ ಒಬ್ಬರೇ ಇದ್ದಾಗ ಅದರ ತಿರುಪು ಬಿಗಿಯಾಗಿ ಕೈ ಜಾರಿ, ಮಷಿನ್ನಿನಿಂದ ಸಿಲಿಂಡರಿಗೆ ನಳಿಗೆ ಬದಲಿಸುವಷ್ಟರಲ್ಲಿ ಅವಳ ತುಟಿ ನೀಲಿಯಾದದ್ದೂ ಇದೆ. ಅಂಥ ಒಂದು ದಿನ ಭಾವ ಕೇಳಿದರು: ‘ನಿಮ್ಮವರೆಲ್ಲ ಏನೋ ಮಾಡ್ಕೋತಾರಂತಲ್ಲ. ನಮ್ಮ ಬೀದಿಗೂ ಮಾಡೋಕಾಗಲ್ವಾ?’

ಮರುದಿನ ಬೆಳಿಗ್ಗೆ ಐವತ್ತು ತಮ್ಮ ಬಡಾವಣೆಯ ಸ್ಟೇಷನ್‌ಗೆ ಹೋಗಿ ಪ್ಯಾನಲ್ ಮುಂದೆ ನಿಂತ. ಅಲ್ಲಿ ಆಗಲೇ ಒಂದು ಲಿಂಕು ಬಿಚ್ಚಿತ್ತು, ಆಪರೇಟರ್ ಹೆಂಗಸಿನದ್ದು. ಅವಳು ಅವನ ಮುಖ ನೋಡಿಯೇ ವಿಷಯ ತಿಳಿದುಕೊಂಡಳು.

‘ಇಷ್ಟು ದಿನ ಯಾಕಣ್ಣ ಸುಮ್ನಿದ್ರಿ? ಒಂದು ಮಾತು ಹೇಳಿದ್ರೆ ನಾನೇ ತೆಗೀತಿದ್ನಲ್ಲ’ ಎಂದು ಸ್ಕ್ರೂಡ್ರೈವರ್ ಕೈಗಿತ್ತಳು. ಅವನು ಬಿಚ್ಚಿದ. ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ನಾಚಿಕೆಯಾಯಿತು.

ಅದಾದ ಮೇಲೆ ಆ ಬೀದಿಯಲ್ಲಿ ಕರೆಂಟು ಹೋಗುವುದು ಅಂದರೇನು ಎಂಬುದೇ ಜನಕ್ಕೆ ಮರೆತುಹೋಯಿತು. ಎದುರು ಸಾಲು ಕತ್ತಲಲ್ಲಿ ಮುಳುಗಿದರೂ ಈ ಸಾಲಿನಲ್ಲಿ ಫ್ಯಾನು ತಿರುಗುತ್ತಿತ್ತು. ದಿನಸಿ ಅಂಗಡಿಯವನು ಐವತ್ತುವನ್ನು ಕಂಡರೆ ಎದ್ದು ನಿಲ್ಲಲು ಶುರುಮಾಡಿದ. ‘ಇನ್ನು ಸಿಲಿಂಡರ್ ಯಾಕೆ, ನಾನಿಲ್ವಾ’ ಎಂದು ಐವತ್ತುವೇ ಹೇಳಿದ. ಭಾವ ಅದನ್ನು ಬಾಡಿಗೆಯ ಅಂಗಡಿಗೆ ಹಿಂದಿರುಗಿಸಿ, ಆ ಮೂಲೆಗೆ ಬಟ್ಟೆ ಕತ್ತರಿಸುವ ಮೇಜು ಹಾಕಿಕೊಂಡರು. ಅಕ್ಕ ಮಲಗಿದಲ್ಲಿಂದಲೇ ಅವರ ಕತ್ತರಿ ನೋಡುತ್ತಾ, ಅಲ್ಲಿ ಸೊಟ್ಟ, ಇಲ್ಲಿ ಸೊಟ್ಟ ಎಂದು ಕಾಟ ಕೊಡುತ್ತಿದ್ದಳು. ಆ ವರ್ಷಗಳು ಚೆನ್ನಾಗಿದ್ದವು ಎಂದೇ ಹೇಳಬೇಕು.

ಆ ಮಧ್ಯಾಹ್ನ ಐವತ್ತು ಇದ್ದದ್ದು ಊರಿನಿಂದ ದೂರದ ದೊಡ್ಡ ಸ್ಟೇಷನ್‌ನಲ್ಲಿ. ಗೋಡೆ ಮುಟ್ಟಿದರೆ ಕೈ ಸುಡುವ ಬಿಸಿಲು. ಮನೆಮನೆಯಲ್ಲೂ ಜನ ಎದ್ದು ಕೂಲರ್ ಜೋರು ಮಾಡಿರಬೇಕು, ಒಬ್ಬರನ್ನೊಬ್ಬರು ಕೇಳಿ ಮಾಡಿದ್ದೇನಲ್ಲ. ಅದೇ ಹೊತ್ತಿಗೆ ಎಲ್ಲೋ ಒಂದು ದೊಡ್ಡ ಯಂತ್ರ ಕೆಟ್ಟು ನಿಂತಿತು. ಮೀಟರಿನ ಮುಳ್ಳು ಐವತ್ತರಿಂದ ಇಳಿಯಿತು.

ಪ್ಯಾನಲಿನಲ್ಲಿ ರಿಲೇಗಳು ಸಾಲಾಗಿ ಟಕ್ ಟಕ್ ಎಂದವು, ಲೈನುಗಳು ಕಡಿದವು. ಸರಿಯಾಗಿಯೇ ಕಡಿದವು, ಎಲ್ಲ ಅವನೇ ಪರೀಕ್ಷೆ ಮಾಡಿದ್ದಂಥವು. ಮುಳ್ಳು ತಡವರಿಸಿತು. ‘ನಿಲ್ಲಪ್ಪ, ನಿಲ್ಲು’ ಎಂದ ಐವತ್ತು. ಅದು ನಿಲ್ಲದೆ ಮತ್ತೆ ಜಾರತೊಡಗಿತು. ಇಷ್ಟು ಲೈನು ಕಡಿದ ಮೇಲೂ ಯಾಕೆ ಇಳಿಯುತ್ತಿದೆ ಎಂದು ಅವನಿಗೆ ಅರ್ಥವಾಗುವ ಮೊದಲು ಕಣ್ಣಿಗೆ ಬಿದ್ದದ್ದು ಪ್ಯಾನಲಿನ ಕೊನೆಯಲ್ಲಿ ಇನ್ನೂ ಉರಿಯುತ್ತಿದ್ದ ಒಂದೇ ಒಂದು ಕೆಂಪು ದೀಪ. ಕಡಿಯದೆ ಉಳಿದಿದ್ದ ಆ ಸ್ಟೇಷನ್ನಿನ ಮನೆ ಲೈನು. ಅವನು ನೋಡಿದ್ದನ್ನು ಆಪರೇಟರ್ ನೋಡಿದ. ಹೋಗಿ ಕೈಯಿಂದಲೇ ಅದನ್ನು ಕಡಿದ.

‘ನಮ್ಮನೇದು’ ಎಂದ, ಬೆವರು ಒರೆಸಿಕೊಳ್ಳುತ್ತಾ. ‘ಬಾಣಂತಿ ಇದ್ದಾಳೆ. ಪರವಾಗಿಲ್ಲ. ನಿಮ್ದು?’

ಐವತ್ತುವಿನ ಕೈ ಮೇಜಿನ ಮೇಲಿದ್ದ ಫೋನಿನ ಮೇಲೆ ಆಗಲೇ ಇತ್ತು. ತಮ್ಮ ಬಡಾವಣೆಯ ಸ್ಟೇಷನ್‌ಗೆ ನೇರವಾಗಿ ಹೋಗುವ ಫೋನು. ಎತ್ತಿ ‘ನನ್ನ ಲೈನು ಕಡಿ’ ಎಂದರೆ ಆ ಹೆಂಗಸು ಆ ಕ್ಷಣದಲ್ಲೇ ಕಡಿಯುತ್ತಿದ್ದಳು. ಮಂಚದ ಮೇಲೆ ಅಕ್ಕ ಕಂಡಳು, ಮೂಲೆಯಲ್ಲಿ ಸಿಲಿಂಡರಿನ ಬದಲು ಮೇಜು ಕಂಡಿತು. ಬೇರೆಯವರು ಕಡಿದುಕೊಳ್ಳಲಿ, ಇನ್ನೂ ಎಷ್ಟೊಂದು ಜನ ಇದ್ದಾರೆ, ನನ್ನದೊಂದು ಲೈನಿನಿಂದ ಏನಾಗಬೇಕಿದೆ ಎಂದುಕೊಂಡ. ಅದು ನಿಜವೂ ಆಗಿತ್ತು. ಅವನಂತೆಯೇ ಫೋನಿನ ಮೇಲೆ ಕೈಯಿಟ್ಟುಕೊಂಡು ಅದನ್ನೇ ಅಂದುಕೊಂಡವರು ಆ ಹೊತ್ತಿನಲ್ಲಿ ಎಷ್ಟು ಮಂದಿಯೋ. ಮುಳ್ಳು ಕೊನೆಯ ಗೆರೆ ದಾಟಿತು. ದೂರದ ಯಂತ್ರಗಳು ಒಂದರ ಹಿಂದೆ ಒಂದು ಕಳಚಿಕೊಂಡವು. ಹಗಲಿರುಳು ಕಿವಿಯಲ್ಲಿ ತುಂಬಿಕೊಂಡಿದ್ದ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ನಿಂತುಹೋಯಿತು. ಹೊರಗೆ ಒಂದು ಕಾಗೆ ಕೂಗಿದ್ದು ಕೇಳಿಸಿತು.

ಅವನು ಯಾರದೋ ಬೈಕಿನ ಹಿಂದೆ ಕೂತು ಊರಿನ ಕಡೆ ಹೊರಟ. ಸಿಗ್ನಲ್ ಸತ್ತ ಕಡೆಯಲ್ಲೆಲ್ಲ ಗಾಡಿಗಳು ಹೆಣೆದುಕೊಂಡಿದ್ದವು. ಎಲ್ಲರಿಗೂ ಮನೆಗೆ ಹೋಗುವ ಅವಸರ, ಎಲ್ಲರೂ ಒಂದೊಂದು ಗೇಣು ಮುಂದೆ ನುಗ್ಗಿ, ಯಾರೂ ಹೋಗದಂತೆ ಮಾಡಿಕೊಂಡಿದ್ದರು. ಒಂದು ಕಡೆ ಆಂಬುಲೆನ್ಸ್ ಒಂದು ಅರಚುತ್ತಾ ನಿಂತೇ ಇತ್ತು. ಫೋನು ಹಚ್ಚಿದರೆ ಊರಿಗೆ ಊರೇ ಫೋನು ಹಚ್ಚಿದ್ದರಿಂದ ಯಾರದ್ದೂ ಹೋಗುತ್ತಿರಲಿಲ್ಲ. ಕೊನೆಗೆ ಬೈಕಿನಿಂದ ಇಳಿದು ಓಡಿದ. ಆ ವಯಸ್ಸಿನ ಮನುಷ್ಯ ಓಡುವುದನ್ನು ನೋಡಿ ಯಾರೋ ನಕ್ಕರು.

ಮನೆ ಸೇರುವಾಗ ಹೊತ್ತು ಮುಳುಗಿತ್ತು. ಭಾವ ಮಂಚದ ಪಕ್ಕ ಕೂತು, ಅಳತೆಗೆಂದು ಕತ್ತರಿಸಿಟ್ಟ ಅಂಗಿಯ ಬೆನ್ನಿನಾಕಾರದ ರಟ್ಟಿನಿಂದ ಅಕ್ಕನಿಗೆ ಗಾಳಿ ಬೀಸುತ್ತಿದ್ದರು. ಅವಳು ಹೋಗಿ ಬಹಳ ಹೊತ್ತಾಗಿತ್ತು.

‘ಗಾಡಿ ಸಿಗಲಿಲ್ಲ ಕಣೋ’ ಎಂದರು. ಅಷ್ಟೇ ಹೇಳಿದರು. ಬಾಗಿಲಲ್ಲಿ ನಿಂತಿದ್ದ ದಿನಸಿ ಅಂಗಡಿಯವನು ನೆಲ ನೋಡಿದ.

ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಸ್ವಿಚ್ ಆರಿಸಲು ಯಾರಿಗೂ ನೆನಪಾಗಿರಲಿಲ್ಲವಾದ್ದರಿಂದ ಮಷಿನ್ ತಾನಾಗಿಯೇ ಶುರುವಾಯಿತು. ನಳಿಗೆಯಿಂದ ಗಾಳಿ ಅಕ್ಕನ ಮೂಗಿನ ಹತ್ತಿರದ ಒಂದು ಎಳೆ ಕೂದಲನ್ನು ಅಲ್ಲಾಡಿಸಿತು, ಭಾವ ಚೀರಿ ಅವಳ ಮೇಲೆ ಬಾಗಿದರು. ಉಸಿರಲ್ಲ, ಮಷಿನ್ ಎಂದು ಐವತ್ತು ಅವರ ಭುಜ ಹಿಡಿದು ಹೇಳಬೇಕಾಯಿತು. ಇದಕ್ಕಿಂತ ಕ್ರೂರವಾದ ಮಾತು ಅವನು ಯಾರಿಗೂ ಹೇಳಿರಲಿಲ್ಲ.

ತನಿಖೆ ನಡೆಯಿತು. ಮನೆ ಲೈನಿನ ವಿಷಯ ಹೊರಬಂತು, ಸ್ಟೇಷನ್ ಸ್ಟೇಷನ್‌ನಲ್ಲೂ ಬಂತು. ಮೇಲಿನ ಸಾಹೇಬರುಗಳ ಬೀದಿಗಳೂ ಅದರಲ್ಲಿದ್ದವು. ಎಲ್ಲರನ್ನೂ ತರಬೇತಿ ಕೋಣೆಯಲ್ಲಿ ಕೂರಿಸಿ, ಇಂಥ ಸಾಮೂಹಿಕ ಕುಸಿತಗಳನ್ನೇ ಅಧ್ಯಯನ ಮಾಡುವ ಭೌತಶಾಸ್ತ್ರದ ಮಹಿಳಾ ಪ್ರೊಫೆಸರ್ ಒಬ್ಬರನ್ನು ಕರೆಸಿದರು. ಆಕೆ ಬೋರ್ಡಿನ ಮೇಲೆ ಗೆರೆ ಎಳೆದರು. ನೆಟ್ಟಗೆ ಹೋಯಿತು, ಹೋಯಿತು, ಒಂದು ಕಡೆ ಬಾವಿಗೆ ಬಿದ್ದಂತೆ ಕೆಳಗಿಳಿಯಿತು. ಲಿಂಕು ಬಿಚ್ಚಿಟ್ಟ ಲೈನುಗಳು ಇಲ್ಲಿಯವರೆಗೆ ಹೆಚ್ಚಿದರೂ ಏನೂ ಆಗುವುದಿಲ್ಲ, ಆದ್ದರಿಂದ ಏನೂ ಆಗದು ಎಂಬ ಧೈರ್ಯವೂ ಹೆಚ್ಚುತ್ತದೆ, ಆಮೇಲೆ ಈ ಅಂಚು, ಒಳಗಿರುವವರಿಗೆ ಅದು ಎಲ್ಲಿದೆ ಎಂದು ಕಾಣುವುದಿಲ್ಲ ಎಂದರು. ಒಬ್ಬೊಬ್ಬರ ನಡತೆಯನ್ನು ಬಿಡಿಬಿಡಿಯಾಗಿ ನೋಡಿದರೆ ಇದು ತಿಳಿಯುವುದೇ ಇಲ್ಲ ಎಂದೂ ಹೇಳಿದರು.

ಐವತ್ತು ಎದ್ದು ನಿಂತ. ‘ಅಮ್ಮ, ನನ್ನ ಲೈನು ಆ ಅಂಚಿನ ಈಚೆಗಿತ್ತೋ ಆಚೆಗೋ?’

‘ಒಂದು ಲೈನಿಗೆ ಈಚೆ ಆಚೆ ಅಂತ ಇರಲ್ಲ. ನಿಮ್ಮದೊಂದನ್ನ ಸರಿಮಾಡಿ ಲೆಕ್ಕ ಹಾಕಿದ್ರೂ ಜಾಲ ಬೀಳುತ್ತೆ.’

‘ಇವನದ್ದು ಸರಿಮಾಡಿದ್ರೆ?’ ಪಕ್ಕದಲ್ಲಿ ಕೂತಿದ್ದವನನ್ನು ತೋರಿಸಿದ.

‘ಆಗಲೂ ಬೀಳುತ್ತೆ. ಯಾರದ್ದಾದರೂ ಒಂದೇ ಸರಿಮಾಡಿದ್ರೆ ಬಿದ್ದೇ ಬೀಳುತ್ತೆ.’

‘ಎಲ್ಲರದ್ದೂ ಸರಿಮಾಡಿದ್ರೆ?’

‘ಬೀಳಲ್ಲ.’

‘ಮತ್ತೆ ಬೀಳಿಸಿದ್ದು ಯಾರು?’

ಆಕೆ ಸೀಮೆಸುಣ್ಣವನ್ನು ಕೆಳಗಿಟ್ಟು ಅವನನ್ನು ನೋಡಿದರು. ಕರುಣೆಯಿದ್ದ ಮುಖ. ‘ಆ ಪ್ರಶ್ನೆಗೆ ನನ್ನ ಶಾಸ್ತ್ರದಲ್ಲಿ ಉತ್ತರ ಇಲ್ಲ. ನಿಮ್ಮೊಬ್ಬರಿಂದ ಆಗಿದ್ದಲ್ಲ ಅನ್ನೋದು ಮಾತ್ರ ಖಂಡಿತ. ಸಮಾಧಾನ ಮಾಡ್ಕೊಳ್ಳಿ.’

ಉಳಿದವರು ಮಾಡಿಕೊಂಡರು. ಹೊರಗೆ ಬಂದು ಟೀ ಕುಡಿದರು, ‘ನೋಡಿದ್ಯಾ, ಲೆಕ್ಕದ ಪ್ರಕಾರ ನಮ್ದೇನಿಲ್ಲ’ ಎಂದು ಬೆನ್ನು ತಟ್ಟಿಕೊಂಡರು. ಯಾರಿಗೂ ಶಿಕ್ಷೆಯಾಗಲಿಲ್ಲ; ಎಲ್ಲರಿಗೂ ಕೊಟ್ಟರೆ ಸ್ಟೇಷನ್ ನಡೆಸುವವರು ಯಾರು? ಲಿಂಕುಗಳನ್ನೆಲ್ಲ ಹಾಕಿ ಬರಲು ಐವತ್ತುವನ್ನೇ ಕಳಿಸಿದರು. ಅವನು ಹಾಕಿ ಬಂದ. ತಾನು ಗೇಟು ದಾಟುವ ಮೊದಲೇ ಒಂದೊಂದು ಕಡೆ ಸ್ಕ್ರೂಡ್ರೈವರ್ ಮತ್ತೆ ಹೊರಬರುತ್ತದೆಂದು ಅವನಿಗೆ ಗೊತ್ತಿತ್ತು. ಹಿಂದಿರುಗಿ ನೋಡುವ ಮನಸ್ಸೇ ಅವನಿಗಿರಲಿಲ್ಲ. ಸಾವಿರ ಕಡೆ ಹಂಚಿದಾಗ ತನ್ನ ಪಾಲಿಗೆ ಏನೂ ಉಳಿಯದ ಒಂದು ತಪ್ಪನ್ನು ಹೊತ್ತುಕೊಂಡು ಓಡಾಡುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಕೊಂದದ್ದು ಹೌದು, ಕೊಂದವನು ಅಲ್ಲ. ಯಾರಾದರೂ ಒಬ್ಬರು ಎದುರು ನಿಂತು ಬಾಯಿಗೆ ಬಂದಂತೆ ಬಯ್ದರೆ ಸಾಕು ಎನಿಸುತ್ತಿತ್ತು.

ಒಂದು ಭಾನುವಾರ ಸಂಜೆ ಭಾವನ ಮುಂದೆ ಕೂತು ಎಲ್ಲವನ್ನೂ ಹೇಳಿದ. ಎಲ್ಲರ ಲಿಂಕೂ ಹಾಕಿದ್ದಿದ್ದರೆ ತಮ್ಮ ಬೀದಿಗೆ ಅರ್ಧ ಗಂಟೆ ಮಾತ್ರ ಕರೆಂಟು ಹೋಗುತ್ತಿತ್ತು, ಸಿಲಿಂಡರಿನಲ್ಲಿ ಅಷ್ಟು ಹೊತ್ತು ಆರಾಮಾಗಿ ಕಳೆಯುತ್ತಿತ್ತು ಎಂದ. ಸಿಲಿಂಡರ್ ಬೇಡವೆಂದದ್ದೂ ತಾನೇ ಎಂದ. ಫೋನಿನ ಮೇಲೆ ಕೈಯಿಟ್ಟು ಎತ್ತದೆ ನಿಂತದ್ದನ್ನೂ ಹೇಳಿದ.

ಭಾವ ಸೂಜಿಗೆ ದಾರ ಪೋಣಿಸುತ್ತಲೇ ಇದ್ದರು. ‘ಲೈನು ಬಿಡಿಸು ಅಂತ ಕೇಳಿದ್ದು ನಾನು. ಸಿಲಿಂಡರ್ ಹೊತ್ಕೊಂಡು ಹೋಗಿ ಕೊಟ್ಟಿದ್ದೂ ನಾನೇ. ಈಗ ಯಾಕೆ ಕೆದಕ್ತೀಯ?’

‘ಬಯ್ಯಿ ಭಾವ. ಅಲ್ಲಿ ಒಬ್ಬರೂ ಬಯ್ಯಲಿಲ್ಲ. ನೀವಾದ್ರೂ ಬಯ್ಯಿ.’

‘ನಿನ್ನ ಬಯ್ದು ಏನು ಬಂತು?’

‘ಅವತ್ತು ಏನಾಯ್ತು ಅಂತ ನೀವು ಪೂರ್ತಿ ಹೇಳೇ ಇಲ್ಲ. ಅದನ್ನಾದ್ರೂ ಹೇಳಿ.’

ಭಾವ ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಟ್ಟರು.

‘ಹೇಳಬಾರದು ಅಂತಿದ್ದೆ’ ಎಂದರು. ‘ಗಾಡಿ ಸಿಗಲಿಲ್ಲ ಅಂದಿದ್ದು ಸುಳ್ಳು. ಕರೆಂಟು ಹೋದ ತಕ್ಷಣ ದಿನಸಿ ಅಂಗಡಿಯವನು ವ್ಯಾನ್ ತಂದು ಬಾಗಿಲಿಗೇ ನಿಲ್ಲಿಸಿದ. ಆಸ್ಪತ್ರೆಗೆ ಹೋಗೋಣ, ರಸ್ತೆ ಇನ್ನೂ ಖಾಲಿ ಇದೆ ಅಂದ. ನಾನು ಅವಳನ್ನ ಎತ್ತಿಕೊಳ್ಳೋಕೆ ಬಗ್ಗಿದೆ. ಅವಳು ಕೈ ಅಡ್ಡ ಹಿಡಿದ್ಲು.’

‘ಯಾಕೆ?’

‘ಬೇರೆಯವರದ್ದು ಹೋಗಿರಬೇಕು, ನಮ್ದು ಹೋಗಲ್ಲ, ಪುಟ್ಟ ನೋಡ್ಕೋತಾನೆ, ಈಗ ಬರುತ್ತೆ ಅಂದ್ಲು. ನಾನೂ ಹೌದು ಅಂದೆ. ವ್ಯಾನ್ ವಾಪಸ್ ಕಳಿಸಿದ್ವಿ.’ ‘ಮಾತಾಡೋಕೆ ಆಗೋವರೆಗೂ ಅದನ್ನೇ ಹೇಳ್ತಿದ್ಲು ಕಣೋ. ಮಾತು ನಿಂತ ಮೇಲೂ ನಾನು ಎತ್ತಲಿಲ್ಲ. ಬಲ್ಬನ್ನೇ ನೋಡ್ತಾ ಕೂತಿದ್ದೆ, ನೀನು ಹಾಕ್ತೀಯ ಅಂತ.’

ಐವತ್ತು ಗೋಡೆಗೆ ಒರಗಿದ. ಅವನು ಊರೆಲ್ಲ ಕೇಳಿಕೊಂಡು ತಿರುಗಿದ ತಪ್ಪಿನ ಪಾಲು ಕೊನೆಗೂ ಮನೆಯಲ್ಲೇ ಸಿಕ್ಕಿತ್ತು, ಪೂರ್ತಿಯಾಗಿ ಸಿಕ್ಕಿತ್ತು. ಅದನ್ನು ಹಂಚಿಕೊಳ್ಳಲು ಇನ್ನು ಯಾವ ಸ್ಟೇಷನ್ನಿನವರೂ ಬರುವಂತಿರಲಿಲ್ಲ.